ಹೊಸ ವರ್ಷದ ಸಂಕಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಡಿಸೆಂಬರ್ ಮುಗಿಯುತ್ತ ಬಂದಂತೆ ಹೊಸ ವರ್ಷದ ಸಂಕಲ್ಪದ ಬಗ್ಗೆ ಅವೇ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಇಲ್ಲಿನ ಉತ್ತರಗಳಿಗೆ ಎರಡು ಆಧಾರಗಳಿವೆ: ಕಳೆದ ಕೆಲವು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ನಡೆಸಿರುವ ಅಧ್ಯಯನಗಳು ಒಂದು, ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ವ್ರತ-ನಿಯಮಗಳ ಅನುಭವ ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ, ಸಂಕಲ್ಪದ ಆಯುಷ್ಯವನ್ನು ಮನೋಬಲಕ್ಕಿಂತ ಹೆಚ್ಚಾಗಿ ಅದನ್ನು ಯಾವ ಹೊತ್ತಿಗೆ, ಯಾವ ಜಾಗಕ್ಕೆ, ಯಾರ ನಡುವೆ ಕಟ್ಟಿಹಾಕಿದ್ದೇವೆ ಎಂಬುದೇ ನಿರ್ಧರಿಸುತ್ತದೆ ಎಂದು ತೋರುತ್ತದೆ.

ಯುಗಾದಿ ನಮ್ಮ ಹೊಸ ವರ್ಷವಾಗಿರುವಾಗ ಜನವರಿ 1ರಂದು ಸಂಕಲ್ಪ ಮಾಡುವುದು ಸರಿಯೇ?

ಜನವರಿ 1 ಆಡಳಿತದ ಅನುಕೂಲಕ್ಕಾಗಿ ಹುಟ್ಟಿಕೊಂಡ ದಿನ. ಕ್ರಿ.ಪೂ. 153ರಿಂದ ರೋಮಿನ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳು ಅಂದು ಅಧಿಕಾರ ವಹಿಸಿಕೊಳ್ಳುತ್ತಿದ್ದರು. ಜೂಲಿಯಸ್ ಸೀಸರ್ ಸುಧಾರಿಸಿದ ಕ್ಯಾಲೆಂಡರ್ ಕ್ರಿ.ಪೂ. 45ರ ಅದೇ ದಿನದಿಂದ ಜಾರಿಗೆ ಬಂತು. ಇಂಗ್ಲೆಂಡಿನಲ್ಲೇ 1751ರವರೆಗೆ ಕಾನೂನಿನ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ನಮ್ಮಲ್ಲಿಯೂ ವರ್ಷಾರಂಭ ಒಂದೇ ಆಗಿಲ್ಲ. ರಾಜ್ಯದ ಬಹುಭಾಗಕ್ಕೆ ಚೈತ್ರ ಶುದ್ಧ ಪಾಡ್ಯಮಿಯ ಯುಗಾದಿ, ತುಳುನಾಡಿಗೆ ಏಪ್ರಿಲ್ ಮಧ್ಯದ ಬಿಸು, ಅನೇಕ ವರ್ತಕರಿಗೆ ದೀಪಾವಳಿಯ ಪಾಡ್ಯ, ಸರ್ಕಾರಿ ಲೆಕ್ಕಕ್ಕೆ ಏಪ್ರಿಲ್ 1, ಶಾಲೆಯ ಮಕ್ಕಳಿಗೆ ಜೂನ್ ತಿಂಗಳ ಆಸುಪಾಸು.

ಇಷ್ಟೊಂದು ಆರಂಭಗಳಿರುವುದು ಅನುಕೂಲವೇ ಆಗಿದೆ. ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಥ್ಯದ ಬಗ್ಗೆ ಗೂಗಲ್‌ನಲ್ಲಿ ಹುಡುಕುವುದಾಗಲಿ ಜಿಮ್‌ಗೆ ಹೋಗುವುದಾಗಲಿ ವರ್ಷದ ಆರಂಭದಲ್ಲಿ ಮಾತ್ರವಲ್ಲದೆ ತಿಂಗಳ ಆರಂಭದಲ್ಲಿ, ವಾರದ ಆರಂಭದಲ್ಲಿ ಕೂಡ ಏರುತ್ತದೆ. ಹಳೆಯ ಸೋಲುಗಳೆಲ್ಲ ಆಚೆ ಬದಿಗೆ ಉಳಿದವು ಎಂಬ ಭಾವನೆಯನ್ನು ಯಾವ ಗಡಿರೇಖೆಯಾದರೂ ಕೊಡಬಲ್ಲದು. ಆದ್ದರಿಂದ ನಿಮ್ಮ ಮನೆಯಲ್ಲಿ ನಿಜವಾಗಿ ‘ಆರಂಭ’ ಎನ್ನಿಸುವ ದಿನವನ್ನೇ ಆರಿಸಿಕೊಳ್ಳಿ. ಜನವರಿ 1ಕ್ಕೆ ಒಂದು ಕೊರತೆಯಂತೂ ಇದೆ: ಹಿಂದಿನ ರಾತ್ರಿ ಹನ್ನೆರಡು ದಾಟಿದ ಮೇಲೆ ಮಲಗಿದವರು ಬೆಳಿಗ್ಗೆ ಐದಕ್ಕೆ ಎದ್ದು ನಡೆಯುತ್ತೇನೆ ಎಂದುಕೊಂಡರೆ ಸಂಕಲ್ಪ ಮೊದಲ ದಿನವೇ ಮುರಿಯುತ್ತದೆ. ಬೇಗ ಏಳುವ ನಿಯಮವನ್ನು ಆ ವರ್ಷದ ಮೊದಲ ಸೋಮವಾರದಿಂದ ಹಿಡಿಯುವುದು ಮೇಲು.

ಸಂಕಲ್ಪ ಮಾಡಿದವರೆಲ್ಲ ಫೆಬ್ರವರಿಯೊಳಗೆ ಕೈಬಿಡುತ್ತಾರಂತೆ. ಹಾಗಿದ್ದರೆ ಮಾಡುವುದಾದರೂ ಏಕೆ?

‘ಎಲ್ಲರೂ’ ಎನ್ನುವುದು ಉತ್ಪ್ರೇಕ್ಷೆ. ಅಮೆರಿಕದ ಸ್ಕ್ರಾಂಟನ್ ವಿಶ್ವವಿದ್ಯಾಲಯದ ಜಾನ್ ನಾರ್‌ಕ್ರಾಸ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದ್ದ 200 ಮಂದಿಯನ್ನು ಎರಡು ವರ್ಷ ಬೆನ್ನುಹತ್ತಿ ವಿಚಾರಿಸುತ್ತ ಹೋದರು. ಒಂದು ವಾರದ ಬಳಿಕ ಶೇಕಡ 77ರಷ್ಟು ಮಂದಿ ಸಂಕಲ್ಪದಲ್ಲಿ ನಿಂತಿದ್ದರು. ಎರಡು ವರ್ಷಗಳ ಕೊನೆಯಲ್ಲಿ ನಿಂತವರು ಶೇಕಡ 19. ಈ ಎರಡನೆಯ ಸಂಖ್ಯೆಯನ್ನು ನೋಡಿ ನಗುವವರು ಅವರದೇ ಇನ್ನೊಂದು ಅಧ್ಯಯನವನ್ನೂ ನೋಡಬೇಕು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಂಕಲ್ಪ ಮಾಡಿದವರನ್ನು, ಬದಲಾಗುವ ಆಸೆಯಿದ್ದರೂ ಸಂಕಲ್ಪ ಮಾಡದೆ ಇದ್ದವರೊಂದಿಗೆ ಹೋಲಿಸಲಾಗಿತ್ತು. ಆರು ತಿಂಗಳ ಬಳಿಕ ಮೊದಲ ಗುಂಪಿನಲ್ಲಿ ಶೇಕಡ 46 ಮಂದಿ ಹಿಡಿದ ದಾರಿಯಲ್ಲಿದ್ದರು, ಎರಡನೆಯ ಗುಂಪಿನಲ್ಲಿ ಶೇಕಡ 4 ಮಂದಿ ಮಾತ್ರ. ಇವೆಲ್ಲವೂ ಭಾಗವಹಿಸಿದವರೇ ಹೇಳಿಕೊಂಡ ಮಾತನ್ನು ನಂಬಿ ಬರೆದ ಲೆಕ್ಕ ಎಂಬ ಎಚ್ಚರ ಇರಬೇಕು. ಆದರೂ ಆಸೆಯನ್ನು ಆಸೆಯಾಗಿಯೇ ಇಟ್ಟುಕೊಳ್ಳುವುದಕ್ಕೂ ಅದನ್ನು ಸಂಕಲ್ಪವಾಗಿ ಹೇಳಿಕೊಳ್ಳುವುದಕ್ಕೂ ನಡುವಿನ ಅಂತರ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿಯೇ ಇದೆ.

ಎಷ್ಟು ಸಂಕಲ್ಪಗಳನ್ನು ಮಾಡಬೇಕು?

ಒಂದು. ಎರಡನೆಯದು ಮೊದಲನೆಯದಕ್ಕೆ ಸಹಾಯ ಮಾಡುವಂಥದ್ದಾಗಿದ್ದರೆ ಎರಡು. ರಾತ್ರಿ ಹತ್ತಕ್ಕೆ ಮಲಗುವ ನಿಯಮ ಬೆಳಗಿನ ನಡಿಗೆಗೆ ಆಸರೆಯಾಗುತ್ತದೆ. ವೀಣೆ ಕಲಿಯುವುದು, ಮಧ್ಯಾಹ್ನದ ನಿದ್ದೆ ಬಿಡುವುದು, ಸಾಲ ತೀರಿಸುವುದು ಒಂದಕ್ಕೊಂದು ಆಸರೆಯಾಗಲಾರವು. ಗಾತ್ರದ ವಿಷಯದಲ್ಲಿಯೂ ಜೈನ ಪರಂಪರೆಯಿಂದ ಕಲಿಯುವುದಿದೆ. ಮಹಾವ್ರತಗಳು ಮುನಿಗಳಿಗೆ, ಸಂಸಾರದಲ್ಲಿರುವವರಿಗೆ ಅಣುವ್ರತಗಳು ಎಂದು ಅಲ್ಲಿ ಮೊದಲೇ ವಿಂಗಡಿಸಿದ್ದಾರೆ. ಆಚಾರ್ಯ ತುಳಸಿಯವರು 1949ರಲ್ಲಿ ಆರಂಭಿಸಿದ ಅಣುವ್ರತ ಚಳವಳಿ ಯಾವ ಮತದವರಾದರೂ ಸಣ್ಣ ಸಣ್ಣ ವ್ರತಗಳನ್ನು ತೊಡಬಹುದು ಎಂಬ ನಂಬಿಕೆಯ ಮೇಲೆಯೇ ಬೆಳೆಯಿತು. ಸಂಸಾರಿಗಳು ಮುನಿಗಳ ವ್ರತವನ್ನು ಮೈಮೇಲೆ ಎಳೆದುಕೊಂಡರೆ ಏನಾಗುತ್ತದೆ ಎಂಬುದು ಆ ವಿಂಗಡಣೆ ಮಾಡಿದವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಸಂಕಲ್ಪವನ್ನು ಯಾವ ರೀತಿಯಲ್ಲಿ ಬರೆಯಬೇಕು?

ಇದಕ್ಕೆ ಉತ್ತಮ ಮಾದರಿ ಪೂಜೆಗೆ ಮುಂಚೆ ಹೇಳುವ ಸಂಕಲ್ಪವೇ. ಪುರೋಹಿತರು ಹೇಳಿಸುವಾಗ ಅರ್ಧ ಕಿವಿಯಲ್ಲಿ ಕೇಳಿ ಬಿಟ್ಟಿರುವ ಆ ವಾಕ್ಯವನ್ನು ಒಮ್ಮೆ ನಿಧಾನವಾಗಿ ಗಮನಿಸಿ. ಅದು ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ ಎಂದು ಕಲ್ಪನೆಗೂ ಎಟುಕದ ಕಾಲದಿಂದ ಆರಂಭವಾಗಿ, ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಎಂದು ಜಾಗವನ್ನು ಗುರುತಿಸಿ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳ ಮೂಲಕ ಇವತ್ತಿನ ಈ ಗಳಿಗೆಗೆ ಇಳಿಯುತ್ತದೆ. ಆಮೇಲೆ ಮಾಡುವವರ ಗೋತ್ರ, ಹೆಸರು; ಅದರ ಬಳಿಕ ಉದ್ದೇಶ; ಎಲ್ಲದರ ಕೊನೆಯಲ್ಲಿ ‘ಕರಿಷ್ಯೇ’, ಅಂದರೆ ಮಾಡುತ್ತೇನೆ ಎಂಬ ಕ್ರಿಯಾಪದ. ಯಾರು, ಎಲ್ಲಿ, ಯಾವಾಗ, ಏನು, ಯಾತಕ್ಕೆ ಎಂಬ ಐದೂ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಕ್ರಿಯಾಪದಕ್ಕೆ ಅವಕಾಶ. ನಾವು ಡೈರಿಯ ಮೊದಲ ಪುಟದಲ್ಲಿ ಬರೆಯುವ ‘ಈ ವರ್ಷ ಆರೋಗ್ಯದ ಕಡೆ ಗಮನ ಕೊಡುತ್ತೇನೆ’ ಎಂಬ ವಾಕ್ಯದಲ್ಲಿ ಇರುವುದು ಕ್ರಿಯಾಪದ ಮಾತ್ರ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಪರೀಕ್ಷಿಸುತ್ತ ಬಂದಿರುವುದೂ ಹತ್ತಿರದ ವಿಚಾರವೇ. ‘ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಹೊತ್ತು ಮತ್ತು ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡವರು, ಬರೀ ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗಿಂತ ಹೆಚ್ಚು ಸಲ ಕೆಲಸ ಮುಗಿಸುತ್ತಾರೆ ಎಂಬುದನ್ನು ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪ್ರಯೋಗಗಳನ್ನು ಒಟ್ಟುಗೂಡಿಸಿ ತೋರಿಸಿದರು. ಇದರ ಗುಟ್ಟು ಸರಳವಾಗಿದೆ. ಹೊತ್ತು ಗೊತ್ತಾಗಿದ್ದರೆ ‘ಈಗ ಹೋಗಲೋ ಆಮೇಲೆ ಹೋಗಲೋ’ ಎಂಬ ಚರ್ಚೆಯನ್ನು ದಿನವೂ ಮನಸ್ಸಿನೊಳಗೆ ನಡೆಸಬೇಕಾಗುವುದಿಲ್ಲ, ಮತ್ತು ಆ ಚರ್ಚೆಯಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಸೋಮಾರಿತನವೇ.

ಆದ್ದರಿಂದ ‘ಹೆಚ್ಚು ನಡೆಯುತ್ತೇನೆ’ ಎಂಬುದರ ಬದಲು ಹೀಗೆ ಬರೆಯಬಹುದು: ‘ಸೋಮವಾರದಿಂದ ಶುಕ್ರವಾರದವರೆಗೆ, ಬೆಳಗಿನ ಕಾಫಿ ಲೋಟವನ್ನು ತೊಳೆದಿಟ್ಟ ಕೂಡಲೇ ಚಪ್ಪಲಿಯ ಗೂಡಿನ ಬಳಿ ಇಟ್ಟಿರುವ ಶೂ ಹಾಕಿಕೊಂಡು, ಕೆರೆ ಏರಿಯ ಮೇಲೆ ಮೂವತ್ತು ನಿಮಿಷ ನಡೆದು ಬರುತ್ತೇನೆ, ಮಳೆಯಿದ್ದರೆ ಮಹಡಿಯ ಮೆಟ್ಟಿಲನ್ನು ಹತ್ತಿ ಇಳಿಯುತ್ತೇನೆ.’ ಇಲ್ಲಿ ಗಡಿಯಾರಕ್ಕಿಂತ ಕಾಫಿ ಲೋಟ ಹೆಚ್ಚು ನಂಬಿಕಸ್ಥ. ಅಲಾರಂ ಅನ್ನು ಆರಿಸಿ ಮತ್ತೆ ಮಲಗಬಹುದು, ಕಾಫಿಯನ್ನು ಯಾರೂ ಮರೆಯುವುದಿಲ್ಲ.

‘ಬಿಡುತ್ತೇನೆ’ ಎಂಬ ಸಂಕಲ್ಪ ಒಳ್ಳೆಯದೋ, ‘ಮಾಡುತ್ತೇನೆ’ ಎಂಬುದು ಒಳ್ಳೆಯದೋ?

ಸ್ವೀಡನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಅಂಕಿಗಳಲ್ಲೇ ಉತ್ತರಿಸಿದೆ. ಹೊಸದೊಂದನ್ನು ಹಿಡಿಯುವ ಸಂಕಲ್ಪ ಮಾಡಿದವರಲ್ಲಿ ಶೇಕಡ 58.9 ಮಂದಿ, ಇದ್ದುದನ್ನು ಬಿಡುವ ಸಂಕಲ್ಪ ಮಾಡಿದವರಲ್ಲಿ ಶೇಕಡ 47.1 ಮಂದಿ ವರ್ಷದ ಕೊನೆಗೆ ತಾವು ಯಶಸ್ವಿಯಾಗಿದ್ದೇವೆ ಎಂದು ಹೇಳಿದರು. ಬಿಡುವುದಕ್ಕೆ ಇಡೀ ದಿನ ಕಾವಲು ಕಾಯಬೇಕು, ಮಾಡುವುದಕ್ಕೆ ಅರ್ಧ ಗಂಟೆ ಸಾಕು. ಆಗುವಲ್ಲೆಲ್ಲ ‘ಸಂಜೆ ಬೋಂಡಾ ತಿನ್ನುವುದಿಲ್ಲ’ ಎಂಬುದನ್ನು ‘ಸಂಜೆ ಐದಕ್ಕೆ ಹುರಿಗಡಲೆ, ಸೌತೆಕಾಯಿ ತಿನ್ನುತ್ತೇನೆ’ ಎಂದು ತಿರುಗಿಸಿಕೊಳ್ಳಿ. ಆ ಹೊತ್ತಿನ ಹಸಿವು ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಏನನ್ನಾದರೂ ಕೊಡಲೇಬೇಕು.

21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎಂಬುದು ನಿಜವೇ?

ನಿಜವಲ್ಲ. ಈ ಸಂಖ್ಯೆಯನ್ನು ಜನಪ್ರಿಯಗೊಳಿಸಿದವರು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದವರು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕು ಎಂದು ಅವರು 1960ರಲ್ಲಿ ಬರೆದಿದ್ದರು. ‘ಕನಿಷ್ಠ’ ಎಂಬ ಮಾತು ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಯಿತು, ಮುಖದ ವಿಷಯ ಅಭ್ಯಾಸದ ವಿಷಯವಾಗಿ ಬದಲಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ, ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಮಾಡುವುದು ಮೊದಲಾದ ಕೆಲಸಗಳು ಯೋಚನೆಯಿಲ್ಲದೆ ತಾವಾಗಿ ನಡೆಯುವ ಹಂತಕ್ಕೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರು. ನಡುವಿನ ಸಂಖ್ಯೆ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಎಂದು ಅವರ ಅಂದಾಜು ಹೇಳಿತು. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ಒಗ್ಗಿತು, ವ್ಯಾಯಾಮ ತಡವಾಗಿ ಒಗ್ಗಿತು. 21ನೆಯ ದಿನಕ್ಕೆ ಏನೂ ಬದಲಾಗಲಿಲ್ಲವೆಂದು ಬೇಸತ್ತು ಬಿಟ್ಟವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಈ ಹುಸಿ ಗಡುವು ಸಾಕಷ್ಟು ಹಾನಿ ಮಾಡಿರಬೇಕು ಎಂಬುದು ನಮ್ಮ ಅನಿಸಿಕೆ.

ಶಬರಿಮಲೆಗೆ ಮಾಲೆ ಹಾಕಿದಾಗ 41 ದಿನ ಮದ್ಯ, ಸಿಗರೇಟು ಮುಟ್ಟದವರು ಮಾಲೆ ತೆಗೆದ ಮೇಲೆ ಹಳೆಯ ದಾರಿಯನ್ನೇ ಹಿಡಿಯುವುದೇಕೆ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಮನೆಯ ಹೆಂಗಸರು, ಮತ್ತು ಅವರ ಧ್ವನಿಯಲ್ಲಿ ಬೇಸರದ ಜೊತೆ ನಿಜವಾದ ಕುತೂಹಲವೂ ಇರುತ್ತದೆ. ಅದಕ್ಕೆ ವಿವರವಾದ ಉತ್ತರ ಸಲ್ಲಬೇಕು.

ಮಾಲೆ ಹಾಕಿದ ಮನುಷ್ಯನನ್ನು ಹಲವು ಸಂಗತಿಗಳು ಒಟ್ಟಿಗೆ ಹಿಡಿದಿಟ್ಟಿರುತ್ತವೆ. ಕೊರಳಿನ ಮಾಲೆ, ಕಪ್ಪು ಪಂಚೆ, ಬರಿಗಾಲು, ಬೆಳೆದ ಗಡ್ಡ ಅವನ ವ್ರತವನ್ನು ಬೀದಿಗೆಲ್ಲ ಸಾರುತ್ತವೆ, ಹಾಗಾಗಿ ಗೆಳೆಯರು ಕುಡಿಯಲು ಕರೆಯುವುದೇ ಇಲ್ಲ. ಹೆಂಡತಿ, ಮಕ್ಕಳು, ಕೆಲಸದ ಜಾಗದ ಮೇಲಧಿಕಾರಿ ಕೂಡ ಅವನನ್ನು ‘ಸ್ವಾಮಿ’ ಎಂದು ಕರೆಯುತ್ತಾರೆ, ಆ ಕರೆಗೆ ತಕ್ಕಂತೆ ಅವನು ನಡೆದುಕೊಳ್ಳುತ್ತಾನೆ. ಮುಂಜಾನೆ ತಣ್ಣೀರು ಸ್ನಾನ, ಸಂಜೆ ಮತ್ತೆ ಸ್ನಾನ, ಆಮೇಲೆ ಶರಣು ಘೋಷ; ಮುಂಚೆ ಮದ್ಯದ ಬಾರ್‌ಗೆ ಹೋಗುತ್ತಿದ್ದ ಹೊತ್ತಿಗೆ ಈಗ ಭಜನೆ. ಜೊತೆಗೆ ಗುರುಸ್ವಾಮಿ ಇದ್ದಾರೆ, ಒಟ್ಟಿಗೆ ಮಾಲೆ ಹಾಕಿದ ಹತ್ತು ಮಂದಿ ಇದ್ದಾರೆ. ಎಲ್ಲಕ್ಕೂ ಮಿಗಿಲಾಗಿ ಮುಗಿಯುವ ದಿನ ಗೊತ್ತಿದೆ. ಯಾತ್ರೆ ಮುಗಿಸಿ ಬಂದು ಮಾಲೆ ತೆಗೆದಾಗ ಇವೆಲ್ಲವೂ ಒಂದೇ ದಿನ ಕಳಚಿ ಬೀಳುತ್ತವೆ. ಉಳಿಯುವುದು ಅವನ ಮನೋಬಲ ಒಂದೇ, ಮತ್ತು ಆ 41 ದಿನಗಳಲ್ಲಿ ಭಾರವನ್ನೆಲ್ಲ ಹೊತ್ತದ್ದು ಅದಾಗಿರಲಿಲ್ಲ. ಅವನನ್ನು ಡಾಂಭಿಕ ಎನ್ನುವುದು ಸುಲಭ, ಆದರೆ ಆ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

ಮಂಡಲ ಕಾಲ ನವೆಂಬರ್ ಮಧ್ಯದಲ್ಲಿ ಆರಂಭವಾಗಿ ಡಿಸೆಂಬರ್ ಕೊನೆಯ ವಾರದಲ್ಲಿ ಮುಗಿಯುತ್ತದೆ. ಮಕರಜ್ಯೋತಿಗೆ ಹೋಗುವವರು ಸಂಕ್ರಾಂತಿಯವರೆಗೂ ಮಾಲೆಯಲ್ಲಿರುತ್ತಾರೆ. ಅಂದರೆ ಊರೆಲ್ಲ ಹೊಸ ವರ್ಷದ ಸಂಕಲ್ಪ ಮಾಡುವ ಹೊತ್ತಿಗೆ ಇವರು ಕಷ್ಟದ ಮೊದಲ ಆರು ವಾರಗಳನ್ನು ದಾಟಿರುತ್ತಾರೆ. ಇಂಥವರು ಸಂಕಲ್ಪವನ್ನು ಮಾಲೆ ತೆಗೆಯುವ ಮುಂಚೆಯೇ ಮಾಡಬೇಕು. ಸಂಜೆಯ ಸ್ನಾನ ಮತ್ತು ಭಜನೆಯ ಹೊತ್ತನ್ನು ಖಾಲಿ ಬಿಡಬಾರದು. ಜೊತೆಯಲ್ಲಿ ಯಾತ್ರೆಗೆ ಹೋದವರಲ್ಲಿ ಒಬ್ಬರನ್ನಾದರೂ ಒಪ್ಪಿಸಿ ವಾರಕ್ಕೊಮ್ಮೆ ಸೇರುವ ರೂಢಿ ಇಟ್ಟುಕೊಳ್ಳಬೇಕು. ಮುಂದಿನ ಗಡುವನ್ನೂ, ಉದಾಹರಣೆಗೆ ಶಿವರಾತ್ರಿಯವರೆಗೆ ಎಂದು, ಆಗಲೇ ಗೊತ್ತುಮಾಡಬೇಕು. ಶ್ರಾವಣದಲ್ಲಿ ಮಾಂಸ ಬಿಡುವವರಿಗೂ, ರಂಜಾನ್ ತಿಂಗಳಲ್ಲಿ ಹಗಲೆಲ್ಲ ಬೀಡಿ ಸೇದದೆ ಇರುವವರಿಗೂ, ಕ್ರೈಸ್ತರ ತಪಸ್ಸು ಕಾಲದಲ್ಲಿ ಮದ್ಯ ಬಿಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಗಡುವಿನ ಬಳಕೆಯಲ್ಲಿ ಚಾತುರ್ಮಾಸ್ಯದ ವ್ರತಗಳು ಬಹಳ ಜಾಣತನದಿಂದ ಕೂಡಿವೆ. ಮಾಧ್ವ ಸಂಪ್ರದಾಯದ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತ, ಎರಡನೆಯ ತಿಂಗಳು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳ ವ್ರತ. ತರಕಾರಿ, ಮೊಸರು, ಹಾಲು, ಬೇಳೆಕಾಳು ನಾಲ್ಕನ್ನೂ ಒಟ್ಟಿಗೆ ಬಿಡುವಂತೆ ಯಾರಿಗೂ ಹೇಳಿಲ್ಲ. ಒಂದು ತಿಂಗಳಿಗೆ ಒಂದು ನಿಯಮ, ತಿಂಗಳು ಮುಗಿದ ಮೇಲೆ ಆ ಪದಾರ್ಥ ಎಲೆಗೆ ಮರಳಿ ಬರುತ್ತದೆ. ವರ್ಷವಿಡೀ ನಡೆಸುವ ಸಂಕಲ್ಪಕ್ಕೆ ಹೆದರುವವರು ಈ ಕ್ರಮವನ್ನು ಅನುಸರಿಸಿ ತಿಂಗಳಿಗೊಂದು ಸಣ್ಣ ನಿಯಮ ಇಟ್ಟುಕೊಂಡು ನೋಡಬಹುದು.

ಒಂದು ದಿನ ತಪ್ಪಿಹೋದರೆ ಸಂಕಲ್ಪ ಮುರಿದಂತೆಯೇ?

ಇಲ್ಲ. ಮೇಲೆ ಹೇಳಿದ ಲಂಡನ್ನಿನ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಗಣನೀಯ ಧಕ್ಕೆಯಾಗಲಿಲ್ಲ. ನಾರ್‌ಕ್ರಾಸ್ ಅವರ 200 ಮಂದಿಯಲ್ಲಿ ಎರಡು ವರ್ಷ ಗೆದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆ ಒಮ್ಮೆಯಾದರೂ ಜಾರಿದ್ದರು, ಸರಾಸರಿ 14 ಸಲ. ಕೆಡಿಸುವುದು ಜಾರಿದ್ದಲ್ಲ, ಜಾರಿದ ಮೇಲೆ ಬರುವ ‘ಹೇಗೂ ಕೆಟ್ಟಿತು’ ಎಂಬ ಯೋಚನೆ. ಪಥ್ಯದಲ್ಲಿದ್ದವರಿಗೆ ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಮುಂದಿಟ್ಟಾಗ, ಏನನ್ನೂ ಕುಡಿಯದಿದ್ದ ಪಥ್ಯದವರಿಗಿಂತ ಅವರೇ ಹೆಚ್ಚು ತಿಂದರು ಎಂಬುದು 1975ರ ಪ್ರಸಿದ್ಧ ಪ್ರಯೋಗವೊಂದರ ಫಲಿತಾಂಶ. ಮದುವೆ ಮನೆಯಲ್ಲಿ ಒಂದು ಹೋಳಿಗೆ ಎಲೆಗೆ ಬಿದ್ದ ಮೇಲೆ ಎರಡನೆಯದಕ್ಕೆ ತುಪ್ಪ ಕೇಳುವ ನಮ್ಮ ವರ್ತನೆಯೂ ಅದೇ ಜಾತಿಯದು.

ಆದ್ದರಿಂದ ತಪ್ಪುವ ದಿನಗಳನ್ನು ಮುಂಚೆಯೇ ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ಜನವರಿ 1ಕ್ಕೆ ಸಕ್ಕರೆ ಬಿಟ್ಟವರ ಮನೆಗೆ ಎರಡೇ ವಾರದಲ್ಲಿ ಸಂಕ್ರಾಂತಿಯ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಬರುತ್ತವೆ. ಆಮೇಲೆ ಜಾತ್ರೆಗಳು, ಮದುವೆಗಳು, ಮಕ್ಕಳ ಪರೀಕ್ಷೆ. ‘ಹಬ್ಬದ ದಿನ ಕೊಟ್ಟಿದ್ದನ್ನು ತಿನ್ನುತ್ತೇನೆ, ಮನೆಗೆ ತಂದಿಟ್ಟುಕೊಳ್ಳುವುದಿಲ್ಲ’ ಎಂಬ ಉಪನಿಯಮವನ್ನು ಸಂಕಲ್ಪದ ಕೆಳಗೆ ಬರೆದಿಟ್ಟರೆ ಅಂದು ತಿಂದದ್ದು ತಪ್ಪಾಗುವುದೇ ಇಲ್ಲ. ಸತತವಾಗಿ ಎರಡು ದಿನ ತಪ್ಪಬಾರದು ಎಂಬ ಇನ್ನೊಂದು ನಿಯಮವೂ ಅನೇಕರಿಗೆ ಒದಗಿಬಂದಿದೆ.

ಸಂಕಲ್ಪವನ್ನು ಎಲ್ಲರಿಗೂ ಹೇಳಬೇಕೇ?

ಎಲ್ಲರಿಗೂ ಹೇಳುವುದರಿಂದ ಪ್ರಯೋಜನ ಕಡಿಮೆ, ಒಬ್ಬರಿಗೆ ಹೇಳುವುದರಿಂದ ಹೆಚ್ಚು. ಗೋಲ್‌ವಿಟ್ಜರ್ ಅವರ ತಂಡ 2009ರಲ್ಲಿ ತೋರಿಸಿದಂತೆ, ‘ನಾನು ಇಂಥವನಾಗಬೇಕು’ ಎಂಬ ಬಗೆಯ ಗುರಿಯನ್ನು ಬೇರೆಯವರು ತಿಳಿದುಕೊಂಡ ಮಾತ್ರಕ್ಕೆ ಮನಸ್ಸಿಗೆ ಅರ್ಧ ಗುರಿ ಮುಟ್ಟಿದ ತೃಪ್ತಿ ಸಿಕ್ಕಿಬಿಡುತ್ತದೆ, ದುಡಿಮೆ ಇಳಿಯುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಬಂದ ನಲವತ್ತು ಹೆಬ್ಬೆರಳುಗಳು ಆ ತೃಪ್ತಿಯನ್ನು ಧಾರಾಳವಾಗಿ ಕೊಡುತ್ತವೆ. ಬದಲಿಗೆ ಪ್ರತಿ ಭಾನುವಾರ ‘ಈ ವಾರ ಎಷ್ಟು ದಿನ ಆಯಿತು?’ ಎಂದು ಕೇಳುವ ತಂಗಿಯೋ ಗೆಳೆಯನೋ ಒಬ್ಬರಿದ್ದರೆ ಸಾಕು.

ಜಿಮ್‌ಗೆ ಒಂದು ವರ್ಷದ ಶುಲ್ಕ ಕಟ್ಟಿಬಿಟ್ಟರೆ ಹೋಗಲೇಬೇಕಾಗುತ್ತದೆ ಅಲ್ಲವೇ?

ಜನವರಿಯ ರಿಯಾಯಿತಿಗಳು ನಿಂತಿರುವುದೇ ಈ ನಂಬಿಕೆಯ ಮೇಲೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್‌ಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟಿದ ಸದಸ್ಯರು ತಿಂಗಳಿಗೆ ಸರಾಸರಿ ನಾಲ್ಕು ಸಲ ಮಾತ್ರ ಹೋಗಿದ್ದರು. ಒಂದು ಭೇಟಿಗೆ 17 ಡಾಲರ್ ಬಿತ್ತು. ಹತ್ತು ಭೇಟಿಗಳ ಪಾಸ್ ಕೊಂಡಿದ್ದರೆ ಒಂದು ಭೇಟಿ 10 ಡಾಲರ್‌ನಲ್ಲಿ ಮುಗಿಯುತ್ತಿತ್ತು. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ, ಮನೆಯಿಂದ ಕಚೇರಿಗೆ ಹೋಗುವ ದಾರಿಯಲ್ಲೇ ಇರುವ ಜಿಮ್ ಆರಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ. ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ ಅದರ ಕೆಳಗಿನ ಮಿತಿ ತಲುಪುತ್ತದೆ, ಅದಕ್ಕೆ ಶುಲ್ಕವಿಲ್ಲ.

ಊಟದ ವಿಷಯದಲ್ಲಿ ಯಾವ ಸಂಕಲ್ಪ ಉಪಯುಕ್ತ?

ಅಳೆಯಲು ಬರುವಂಥದ್ದು. ತೂಕ ಇಳಿಸುವುದು ನಮ್ಮ ಕೈಯಲ್ಲಿ ಪೂರ್ತಿಯಾಗಿ ಇಲ್ಲ, ತಟ್ಟೆಗೆ ಹಾಕಿಕೊಳ್ಳುವುದು ಇದೆ. ಸಕ್ಕರೆಯನ್ನೇ ತೆಗೆದುಕೊಂಡರೆ, ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು 24 ಗ್ರಾಂ ಆಗುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿಯಾದ 50 ಗ್ರಾಮಿನ ಅರ್ಧದಷ್ಟು ಕಾಫಿಯಲ್ಲೇ ಮುಗಿಯಿತು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರವ್ಯಾಪಿ ಅಧ್ಯಯನ 2023ರಲ್ಲಿ ಅಂದಾಜಿಸಿರುವಾಗ ಈ ಎರಡು ಚಮಚವನ್ನು ಒಂದಕ್ಕೆ ಇಳಿಸುವುದು ಸಣ್ಣ ಸಂಕಲ್ಪವೇನಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಇವುಗಳಲ್ಲಿರುವುದೂ ಆ ಲೆಕ್ಕಕ್ಕೇ ಸೇರುತ್ತದೆ.

ಇಲ್ಲೊಂದು ಮಾತನ್ನು ಹೇಳದೆ ಇರುವಂತಿಲ್ಲ. ಯಜಮಾನರು ‘ಇನ್ನು ಮೇಲೆ ರಾತ್ರಿ ಅನ್ನ ಬಿಟ್ಟೆ, ಜೋಳದ ರೊಟ್ಟಿ ಮಾತ್ರ’ ಎಂದು ಸಂಕಲ್ಪ ಮಾಡಿದಾಗ ಒಲೆಯ ಮುಂದೆ ಅರ್ಧ ಗಂಟೆ ಹೆಚ್ಚು ನಿಲ್ಲಬೇಕಾದವರು ಬೇರೆಯವರಾಗಿರುತ್ತಾರೆ. ಒಬ್ಬರ ಪುಣ್ಯಕ್ಕೆ ಇನ್ನೊಬ್ಬರು ದುಡಿಯುವಂಥ ಸಂಕಲ್ಪ ಬಹುಕಾಲ ಬಾಳುವುದಿಲ್ಲ, ಬಾಳಬೇಕಾಗಿಯೂ ಇಲ್ಲ. ರೊಟ್ಟಿಯನ್ನು ತಾವೇ ತಟ್ಟಲು ಕಲಿಯುವುದು ಒಳ್ಳೆಯ ಸಂಕಲ್ಪವಾದೀತು.

ಹಣ ಉಳಿಸುವ ಸಂಕಲ್ಪ ಪ್ರತಿ ವರ್ಷ ಸೋಲುತ್ತದೆ. ಏನು ಮಾಡಬಹುದು?

ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಉಳಿತಾಯ ಮಾಡುತ್ತೇನೆ ಎನ್ನುವವರಿಗೆ ತಿಂಗಳ ಕೊನೆಯಲ್ಲಿ ಏನೂ ಉಳಿದಿರುವುದಿಲ್ಲ. ಸಂಬಳ ಬಂದ ಮರುದಿನವೇ ಖಾತೆಯಿಂದ ಆರ್‌ಡಿಗೋ (ತಿಂಗಳು ತಿಂಗಳು ಕಟ್ಟುವ ಠೇವಣಿ) ಎಸ್‌ಐಪಿಗೋ (ಮ್ಯೂಚುವಲ್ ಫಂಡ್‌ನಲ್ಲಿ ಕಂತಿನ ಹೂಡಿಕೆ) ತಾನಾಗಿ ಹೋಗುವಂತೆ ಬ್ಯಾಂಕಿಗೆ ಒಂದು ಸಲ ಸೂಚನೆ ಕೊಟ್ಟುಬಿಟ್ಟರೆ ಮುಂದೆ ಸಂಕಲ್ಪದ ನೆನಪೂ ಬೇಕಾಗುವುದಿಲ್ಲ. ಅಂಚೆ ಕಚೇರಿಯ ಐದು ವರ್ಷಗಳ ಆರ್‌ಡಿಯನ್ನು ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು. 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಅವರೂ ಶ್ಲೋಮೊ ಬೆನಾರ್ಟ್ಜಿ ಅವರೂ ಒಂದು ಕಂಪನಿಯ ನೌಕರರಿಂದ ‘ಮುಂದೆ ಸಂಬಳ ಏರಿದಾಗಲೆಲ್ಲ ಉಳಿತಾಯವನ್ನೂ ಏರಿಸುತ್ತೇನೆ’ ಎಂದು ಮೊದಲೇ ಒಪ್ಪಿಗೆ ಪಡೆದರು. ಸುಮಾರು ಮೂರೂವರೆ ವರ್ಷದಲ್ಲಿ ಅವರ ಉಳಿತಾಯ ಸಂಬಳದ ಶೇಕಡ 3.5ರಿಂದ 13.6ಕ್ಕೆ ಏರಿತ್ತು. ಕೈಗೆ ಇನ್ನೂ ಬರದ ಹಣವನ್ನು ಬಿಟ್ಟುಕೊಡುವುದು ಎಲ್ಲರಿಗೂ ಸುಲಭ.

ಸಿಗರೇಟು ಅಥವಾ ಮದ್ಯ ಬಿಡುವ ಸಂಕಲ್ಪಕ್ಕೆ ಬೇರೆ ಎಚ್ಚರಗಳಿವೆಯೇ?

ಇವೆ. ಹಲವು ವರ್ಷಗಳಿಂದ ದಿನವೂ ಹೆಚ್ಚು ಮದ್ಯ ಕುಡಿಯುತ್ತಿರುವವರು ಜನವರಿ 1ಕ್ಕೆ ಒಮ್ಮೆಲೇ ನಿಲ್ಲಿಸಬಾರದು. ಕೈನಡುಕ, ಬೆವರು, ನಿದ್ದೆಗೇಡಿನಿಂದ ಆರಂಭವಾಗಿ ಫಿಟ್ಸ್, ಭ್ರಮೆಯವರೆಗೆ ಹೋಗಬಹುದು, ಜೀವಕ್ಕೇ ಅಪಾಯವಾಗಬಹುದು. ವೈದ್ಯರನ್ನು ಕಂಡು ಅವರ ಮೇಲ್ವಿಚಾರಣೆಯಲ್ಲೇ ಬಿಡಬೇಕು. ಮಾಲೆ ಹಾಕುವವರಿಗೂ ಈ ಎಚ್ಚರ ಬೇಕು. ತಂಬಾಕು ಬಿಡುವವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಮನಸ್ಸಿನ ಯಾವುದೇ ತೊಳಲಾಟಕ್ಕೆ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮೊಬೈಲ್ ನೋಡುವುದನ್ನು ಕಡಿಮೆ ಮಾಡುವುದು ಹೇಗೆ?

ಇಲ್ಲಿಯೂ ಜಾಗವೇ ಮುಖ್ಯ. ಚಾರ್ಜರನ್ನು ಮಲಗುವ ಕೋಣೆಯಿಂದ ನಡುಮನೆಗೆ ಸಾಗಿಸಿ, ಏಳಲು ಒಂದು ಅಲಾರಂ ಗಡಿಯಾರ ಕೊಂಡರೆ ರಾತ್ರಿಯ ಒಂದು ಗಂಟೆಯೂ ಬೆಳಗಿನ ಅರ್ಧ ಗಂಟೆಯೂ ಉಳಿಯುತ್ತವೆ. ಅದು ಚಟದ ಮಟ್ಟಕ್ಕೆ ಹೋಗಿದ್ದರೆ, ಮುಖ್ಯವಾಗಿ ಮಕ್ಕಳು ಗೇಮ್‌ಗಳಲ್ಲಿ ಮುಳುಗಿದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಒಂದು ಕ್ಲಿನಿಕ್ ನಡೆಯುತ್ತಿದೆ.

ಮಕ್ಕಳಿಂದ ಸಂಕಲ್ಪ ಮಾಡಿಸಬಹುದೇ?

ಮಾಡಿಸಬಾರದು. ಅವರಾಗಿಯೇ ಮಾಡಿದರೆ ಸಂತೋಷ. ತಂದೆ-ತಾಯಿ ಹೇಳಿ ಬರೆಸಿದ ಸಂಕಲ್ಪ ಮಕ್ಕಳ ಪಾಲಿಗೆ ಇನ್ನೊಂದು ಹೋಮ್‌ವರ್ಕ್.

ಸಂಕಲ್ಪ ಹೇಗೆ ನಡೆಯುತ್ತಿದೆ ಎಂದು ಯಾವಾಗ ಪರಿಶೀಲಿಸಬೇಕು?

ಜನವರಿಯ ಕೊನೆಯಲ್ಲಿ ನೋಡುವುದು ತೀರ ಬೇಗವಾಯಿತು, ಮುಂದಿನ ಡಿಸೆಂಬರಿನಲ್ಲಿ ನೋಡುವುದು ತೀರ ತಡವಾಯಿತು. ಕನ್ನಡಿಗರಿಗೆ ಯುಗಾದಿ ಇದಕ್ಕೆ ಹೇಳಿ ಮಾಡಿಸಿದಂಥ ದಿನ. 2025ರಲ್ಲಿ ಅದು ಮಾರ್ಚ್ 30ಕ್ಕೆ ಬಂತು, ಅಂದರೆ ವರ್ಷದ 89ನೆಯ ದಿನ. 2026ರಲ್ಲಿ ಮಾರ್ಚ್ 19ಕ್ಕೆ, 78ನೆಯ ದಿನ. ಲಂಡನ್ನಿನ ಅಧ್ಯಯನದ 66 ದಿನಗಳು ಅಷ್ಟರಲ್ಲಿ ದಾಟಿರುತ್ತವೆ. ಜನವರಿಯ ಸಂಕಲ್ಪ ಆ ಹೊತ್ತಿಗೆ ರೂಢಿಯಾಗಿದ್ದರೆ ಹಾಗೆಯೇ ಮುಂದುವರಿಸಿ, ಬೇಕಿದ್ದರೆ ಎರಡನೆಯದನ್ನು ಸೇರಿಸಿ. ಎಡವುತ್ತಿದ್ದರೆ ಎಲ್ಲಿ ಎಂಬುದನ್ನು ನೋಡಿ, ಹೊತ್ತನ್ನೋ ಜಾಗವನ್ನೋ ಬದಲಿಸಿ, ಅರ್ಧಕ್ಕೆ ಇಳಿಸಿ. ಪೂರ್ತಿ ನಿಂತುಹೋಗಿದ್ದರೆ, ಅದು ನಿಮಗೆ ಬೇಕಾಗಿದ್ದ ಸಂಕಲ್ಪವೋ ಬೇರೆಯವರನ್ನು ನೋಡಿ ಮಾಡಿಕೊಂಡದ್ದೋ ಎಂದು ಕೇಳಿಕೊಂಡು, ಬೇಡವಾಗಿದ್ದರೆ ನಾಚಿಕೆಯಿಲ್ಲದೆ ಕೈಬಿಡಿ. ಅಂದು ಸಂಜೆ ಪಂಚಾಂಗ ಶ್ರವಣದಲ್ಲಿ ವರ್ಷದ ಆಯ-ವ್ಯಯವನ್ನು ಓದುವ ಮನೆಗಳಲ್ಲಿ ಈ ಲೆಕ್ಕವನ್ನೂ ಅದರ ಜೊತೆಗೇ ಮುಗಿಸಬಹುದು. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.